ಅಮೆರಿಕದ ಕೌಂಟಿಯಲ್ಲಿ ಬಂಧನದ ದಾಖಲೆ ಹುಡುಕುವುದು, ಓದುವುದು ಹೇಗೆ? ಸಾಂಟಾ ಕ್ಲಾರಾ ಕೌಂಟಿಯ ಉದಾಹರಣೆಯೊಂದಿಗೆ

ಹುಡುಗ ಸನ್ನಿವೇಲ್‌ನಲ್ಲಿ ಕೆಲಸದಲ್ಲಿದ್ದಾನೆ. ಜಾತಕ ಕೂಡಿದೆ, ಎರಡೂ ಮನೆಯವರು ಒಪ್ಪಿದ್ದಾರೆ. ಅಷ್ಟರಲ್ಲಿ ಯಾರೋ 'ಅವನ ಮೇಲೆ ಅಲ್ಲೇನೋ ಪೊಲೀಸ್ ಕೇಸ್ ಇತ್ತಂತೆ' ಅಂದುಬಿಡುತ್ತಾರೆ. ಇನ್ನೊಂದು ಕಡೆ ಹಾಸನದ ಒಬ್ಬ ತಂದೆಗೆ ರಾತ್ರಿ ಫೋನ್ ಬರುತ್ತದೆ: ನಿಮ್ಮ ಮಗ ಜೈಲಿನಲ್ಲಿದ್ದಾನೆ, ತಕ್ಷಣ ದುಡ್ಡು ಕಳಿಸಿ. ಮತ್ತೊಬ್ಬ ಹಿಂದೆಂದೋ ಒಂದು ರಾತ್ರಿ ಜೈಲಿನಲ್ಲಿ ಕಳೆದು ಬಂದವನು. ಈಗ ವೀಸಾ ಫಾರಂ ಮುಂದೆ ಕೂತು, ಆ ಒಂದು ಪ್ರಶ್ನೆಗೆ ಏನು ಬರೆಯಲಿ ಅಂತ ತಲೆ ಕೆರೆದುಕೊಳ್ಳುತ್ತಿದ್ದಾನೆ.

ಈ ಮೂವರಿಗೂ ಬೇಕಾಗಿರುವುದು ಬಂಧನದ ದಾಖಲೆ. ಅಮೆರಿಕದಲ್ಲಿ ಅದರ ಒಂದು ಭಾಗವನ್ನು ಯಾರು ಬೇಕಾದರೂ ನೋಡಬಹುದು. ಹುಡುಕುವುದು ಅಂಥಾ ಕಷ್ಟವೇನಲ್ಲ. ಸಿಕ್ಕಿದ್ದನ್ನು ತಪ್ಪಾಗಿ ಓದುವುದು ಇನ್ನೂ ಸುಲಭ, ತೊಂದರೆ ಇರುವುದು ಅಲ್ಲೇ. ಕನ್ನಡಿಗರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ರಾಜ್ಯಗಳಲ್ಲಿ ಕಾನೂನು ಬೇರೆ ಇರುತ್ತದೆ. ಹುಡುಕುವ ದಾರಿ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು ಯಾವ ಕೌಂಟಿ ಅಂತ ತಿಳಿದುಕೊಳ್ಳಿ

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ ಅಂದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ 58 ಕೌಂಟಿಗಳಿವೆ. ಪೊಲೀಸ್ ವ್ಯವಸ್ಥೆ ಮಾತ್ರ ನಮ್ಮ ಹಾಗಿಲ್ಲ. ಒಂದೊಂದು ಊರಿಗೂ ಅದರದ್ದೇ ಪೊಲೀಸ್ ಇಲಾಖೆ ಇರಬಹುದು. ಸನ್ನಿವೇಲ್‌ನಲ್ಲಂತೂ ಪೊಲೀಸ್ ಮತ್ತು ಅಗ್ನಿಶಾಮಕ ಎರಡೂ ಒಂದೇ ಇಲಾಖೆ. ಕೂಪರ್ಟಿನೊಗೆ ಸ್ವಂತ ಪೊಲೀಸರೇ ಇಲ್ಲ, ಕೌಂಟಿ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅವರ ಕಚೇರಿಯ ಜೊತೆ ಒಪ್ಪಂದ ಮಾಡಿಕೊಂಡಿದೆ. ಹಿಡಿಯುವವರು ಯಾರೇ ಆಗಲಿ, ಜೈಲು ಕೌಂಟಿಯದು. ಅದಕ್ಕೇ ಊರಿನ ಪೊಲೀಸ್ ವೆಬ್‌ಸೈಟಿಗಿಂತ ಮೊದಲು ಕೌಂಟಿಯನ್ನು ನೋಡಬೇಕು.

ಇಲ್ಲಿ ತುಂಬಾ ಜನ ಎಡವುತ್ತಾರೆ. ಮನೆ ಎಲ್ಲಿದೆ ಅನ್ನುವುದು ಮುಖ್ಯವಲ್ಲ, ಎಲ್ಲಿ ಹಿಡಿದರು ಅನ್ನುವುದು ಮುಖ್ಯ. ಮಿಲ್ಪಿಟಾಸ್ ಸಾಂಟಾ ಕ್ಲಾರಾ ಕೌಂಟಿಯಲ್ಲಿದೆ. ಅದಕ್ಕೆ ಅಂಟಿಕೊಂಡೇ ಇರುವ ಫ್ರೀಮಾಂಟ್ ಅಲಮೀಡಾ ಕೌಂಟಿಯಲ್ಲಿದೆ, ಅಲ್ಲಿ ಹಿಡಿದರೆ ಡಬ್ಲಿನ್ ಊರಿನ ಸಾಂಟಾ ರೀಟಾ ಜೈಲಿನಲ್ಲಿ ವಿಚಾರಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ ಇನ್ನೂ ವಿಚಿತ್ರ. ಹೆಸರು ಸ್ಯಾನ್ ಫ್ರಾನ್ಸಿಸ್ಕೊ, ಮಾಲೀಕತ್ವವೂ ಆ ನಗರದ್ದೇ. ಆದರೆ ಜಾಗ ಇರುವುದು ಸ್ಯಾನ್ ಮಟೇಯೊ ಕೌಂಟಿಯಲ್ಲಿ. ಅಲ್ಲಿ ಗಲಾಟೆಯಾಗಿ ಹಿಡಿದರೆ ಕೇಸ್ ನಡೆಯುವುದು ಸ್ಯಾನ್ ಮಟೇಯೊ ಕೋರ್ಟಿನಲ್ಲಿ.

ಹೆಸರು: ನಮ್ಮವರಿಗೆ ಇದೇ ದೊಡ್ಡ ತಲೆನೋವು

ಅಮೆರಿಕದ ಕಂಪ್ಯೂಟರ್‌ಗಳಿಗೆ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಬೇಕೇ ಬೇಕು. ನಮ್ಮಲ್ಲಿ ಇನಿಷಿಯಲ್ ಇರುತ್ತದೆ. ಅಪ್ಪನ ಹೆಸರೋ ಊರಿನ ಹೆಸರೋ ಜೊತೆಗಿರುತ್ತದೆ. ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿಯೇ. ಹಾಗಿದ್ದಾಗ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಕೊನೆಯ ಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬೀಳುತ್ತದೆ. ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸಿಗೂ ಅದೇ ಹೋದರೆ, ಜೈಲಿನ ದಾಖಲೆಗೂ ಅದೇ ಬರುವ ಸಂಭವ ಜಾಸ್ತಿ.

ಅದಕ್ಕೇ ಒಂದು ಸಲ ಹುಡುಕಿ 'ಸಿಗಲಿಲ್ಲ' ಅಂತ ಕೈ ಚೆಲ್ಲಬೇಡಿ. ಪಾಸ್‌ಪೋರ್ಟ್ ಅಥವಾ ಲೈಸೆನ್ಸಿನಲ್ಲಿ ಇರುವ ಹಾಗೆ ಅಕ್ಷರ ತಪ್ಪದೆ ಒಮ್ಮೆ ಹಾಕಿ. ಆಮೇಲೆ ಹಿಂದುಮುಂದು ಮಾಡಿ ಹಾಕಿ. ಮಂಜುನಾಥ್ ಆದರೆ ಇಂಗ್ಲಿಷ್ ಸ್ಪೆಲಿಂಗಿನ ಕೊನೆಗೆ ಎ ಇಟ್ಟು ನೋಡಿ, ತೆಗೆದು ನೋಡಿ, ಟಿ ಪಕ್ಕದ ಎಚ್ ಬಿಟ್ಟು ನೋಡಿ. ಗೌಡ ಅನ್ನುವುದನ್ನು ನಡುವೆ ಡಬ್ಲ್ಯು ಹಾಕಿ ಬರೆಯುವವರೂ ಇದ್ದಾರೆ, ಯು ಹಾಕಿ ಬರೆಯುವವರೂ ಇದ್ದಾರೆ. ಅಪ್ಪನ ಹೆಸರನ್ನೇ ಕೊನೆಯ ಹೆಸರಾಗಿ ಹಾಕಿಯೂ ಹುಡುಕಿ. ಬಂಧನ ಆದವರು ಮನೆಯವರೇ ಆದರೆ ಪಾಸ್‌ಪೋರ್ಟಿನ ಫೋಟೋ ಮುಂದಿಟ್ಟುಕೊಂಡು ಕೂರುವುದು ಒಳ್ಳೆಯದು.

ಇದರ ಉಲ್ಟಾ ಅಪಾಯವೂ ಇದೆ. ರಾವ್, ಭಟ್, ಶೆಟ್ಟಿ ಎಷ್ಟು ಜನ ಇಲ್ಲ ಹೇಳಿ? ಒಂದೇ ಹೆಸರಿನ ನಾಲ್ಕು ಜನ ಒಂದೇ ಕೌಂಟಿಯಲ್ಲಿ ಇರಬಹುದು. ಹೆಸರು ಹೊಂದಿತು ಅಂದ ಮಾತ್ರಕ್ಕೆ ಮನುಷ್ಯ ಅವನೇ ಅಂತಲ್ಲ. ಹುಟ್ಟಿದ ದಿನ ಕೂಡಿಬರುವ ತನಕ ಯಾರಿಗೂ ಏನೂ ಹೇಳಬೇಡಿ. ಮದುವೆ ವಿಷಯದಲ್ಲಿ ವಿಚಾರಿಸುತ್ತಿರುವವರು ಇದನ್ನು ಎರಡು ಸಲ ಓದಿ.

ಜೈಲಿನ ಪಟ್ಟಿ ನೋಡುವುದು

ಈಗಷ್ಟೇ ಬಂಧನ ಆಗಿದ್ದರೆ ಮೊದಲ ನಿಲ್ದಾಣ ಇದು. ಶೆರಿಫ್ ಕಚೇರಿಯ ವೆಬ್‌ಸೈಟಿನಲ್ಲಿ ಒಳಗಿರುವ ಕೈದಿಗಳನ್ನು ಹುಡುಕುವ ಪುಟ ಇರುತ್ತದೆ. ಸಾಂಟಾ ಕ್ಲಾರಾದಲ್ಲಿ ಎರಡು ಜಾಗ ಮುಖ್ಯ: ಸ್ಯಾನ್ ಹೋಸೆಯ ವೆಸ್ಟ್ ಹೆಡ್ಡಿಂಗ್ ಸ್ಟ್ರೀಟಿನಲ್ಲಿರುವ ಮೇನ್ ಜೈಲ್, ಮತ್ತು ಮಿಲ್ಪಿಟಾಸ್‌ನ ಎಲ್ಮ್‌ವುಡ್. ಹುಡುಕಲು ದುಡ್ಡು ಕೊಡಬೇಕಾಗಿಲ್ಲ. ಯಾವುದಾದರೂ ಪುಟ ಕ್ರೆಡಿಟ್ ಕಾರ್ಡ್ ಕೇಳಿದರೆ ನೀವು ಸರ್ಕಾರದ ಸೈಟಿನಲ್ಲಿಲ್ಲ ಅಂತಲೇ ಲೆಕ್ಕ.

ಪಟ್ಟಿಯಲ್ಲಿ ಹೆಸರು ಇಲ್ಲದಿರಲು ಹಲವು ಕಾರಣ ಇರಬಹುದು. ಬುಕಿಂಗ್, ಅಂದರೆ ಜೈಲಿನಲ್ಲಿ ದಾಖಲು ಮಾಡಿಕೊಳ್ಳುವ ಕೆಲಸ, ಇನ್ನೂ ಮುಗಿದಿಲ್ಲದಿರಬಹುದು. ಬೆರಳಚ್ಚು, ಫೋಟೋ, ವೈದ್ಯಕೀಯ ತಪಾಸಣೆ ಎಲ್ಲಾ ಆಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಥವಾ ಆಗಲೇ ಬಿಟ್ಟು ಕಳಿಸಿರಬಹುದು, ಈ ಪುಟ ತೋರಿಸುವುದು ಈಗ ಒಳಗಿರುವವರನ್ನು ಮಾತ್ರ. ಸಣ್ಣ ಅಪರಾಧಗಳಲ್ಲಿ ಜೈಲಿಗೇ ಒಯ್ಯದೆ, ಇಂಥ ದಿನ ಕೋರ್ಟಿಗೆ ಬಾ ಅಂತ ಚೀಟಿ ಕೊಟ್ಟು ಬಿಡುವುದೂ ಮಾಮೂಲು. ಇನ್ನು ಹಿಡಿದವರು ಇಮಿಗ್ರೇಶನ್‌ನ ಐಸ್ ಅಧಿಕಾರಿಗಳಾದರೆ ಕೌಂಟಿ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಐಸ್‌ಗೆ ಬೇರೆಯೇ ಆನ್‌ಲೈನ್ ಹುಡುಕಾಟ ಇದೆ, ಇಮಿಗ್ರೇಶನ್‌ನವರು ಕೊಡುವ, 'ಎ' ಅಕ್ಷರದಿಂದ ಶುರುವಾಗುವ ನಂಬರ್ ಮತ್ತು ಹುಟ್ಟಿದ ದೇಶ ಹಾಕಿ ನೋಡಬಹುದು. ಕೇಂದ್ರ ಸರ್ಕಾರದ ಕೇಸುಗಳೂ ಕೌಂಟಿ ಕೋರ್ಟಿನಲ್ಲಿ ಇರುವುದಿಲ್ಲ, ಪೇಸರ್ ಅನ್ನುವ ಫೆಡರಲ್ ಕೋರ್ಟಿನ ಸೈಟಿನಲ್ಲಿ ಇರುತ್ತವೆ.

'ನಿಮ್ಮ ಮಗ ಜೈಲಿನಲ್ಲಿದ್ದಾನೆ' ಅನ್ನುವ ಫೋನ್ ಬಂದರೂ ಇದೇ ದಾರಿ. ಯಾವ ಕೌಂಟಿ, ಯಾವ ಜೈಲು, ಬುಕಿಂಗ್ ನಂಬರ್ ಏನು ಅಂತ ಕೇಳಿ ಬರೆದುಕೊಳ್ಳಿ. ಫೋನ್ ಇಡಿ. ಅವರು ಕೊಟ್ಟ ನಂಬರಿಗೆ ವಾಪಸ್ ಮಾಡಬೇಡಿ, ಕೌಂಟಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಮಾಡಿ. ಮಗನ ಧ್ವನಿಯೇ ಕೇಳಿಸಿತು ಅಂದರೂ ನಂಬಬೇಡಿ, ಈಗ ಧ್ವನಿಯನ್ನೂ ನಕಲು ಮಾಡುತ್ತಾರೆ. ಗಿಫ್ಟ್ ಕಾರ್ಡಿನಲ್ಲೋ ಬಿಟ್‌ಕಾಯಿನ್‌ನಲ್ಲೋ ಬೇಲ್ ಕಟ್ಟಿ ಅಂತ ಯಾವ ಜೈಲೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಂಧನವಾದ 3 ಗಂಟೆಯೊಳಗೆ 3 ಫೋನ್ ಕರೆ ಮಾಡುವ ಹಕ್ಕಿದೆ. ವಿದೇಶಿಯರನ್ನು ಬುಕ್ ಮಾಡಿದಾಗ, ಅಥವಾ 2 ಗಂಟೆಗಿಂತ ಹೆಚ್ಚು ಹಿಡಿದಿಟ್ಟುಕೊಂಡಾಗ, ನಿಮ್ಮ ದೇಶದ ಕಾನ್ಸುಲೇಟ್ ಜೊತೆ ಮಾತಾಡುವ ಹಕ್ಕಿದೆ ಅಂತ ಪೊಲೀಸರು ಹೇಳಲೇಬೇಕು. ನಮ್ಮದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದೆ. ಹೇಳುವುದಷ್ಟೇ ಅವರ ಕೆಲಸ, ತಿಳಿಸಿ ಅಂತ ಒಳಗಿರುವವರೇ ಕೇಳಬೇಕು.

ಇನ್ನೊಂದು ಮಾತು. ಜೈಲಿನಿಂದ ಬರುವ ಕರೆಗಳು ರೆಕಾರ್ಡ್ ಆಗುತ್ತವೆ. ಕನ್ನಡದಲ್ಲಿ ಮಾತಾಡಿದರೆ ಅವರಿಗೇನು ಗೊತ್ತಾಗುತ್ತೆ ಬಿಡು ಅಂದುಕೊಂಡು ಆ ರಾತ್ರಿ ನಡೆದದ್ದನ್ನೆಲ್ಲಾ ಹೇಳಿಸಬೇಡಿ. ಅನುವಾದಕರು ಸಿಗುತ್ತಾರೆ.

ಸಿಕ್ಕಿದ ಸಾಲುಗಳನ್ನು ಓದುವುದು

ಒಂದು ಉದಾಹರಣೆ ನೋಡೋಣ. ಪುಟದಲ್ಲಿ ಬುಕಿಂಗ್ ದಿನಾಂಕ ಶುಕ್ರವಾರ ರಾತ್ರಿ 11ರ ಸುಮಾರು ಅಂತಿದೆ. ಕೆಳಗೆ 'ಪಿಸಿ 273.5(ಎ)', ಪಕ್ಕದಲ್ಲಿ 'ಎಫ್'. ಅದರ ಮುಂದೆ ಬೇಲ್ ಮೊತ್ತ, ಅದರ ಕೆಳಗೆ ಮುಂದಿನ ಕೋರ್ಟ್ ದಿನಾಂಕ.

ಪಿಸಿ ಅಂದರೆ ಕ್ಯಾಲಿಫೋರ್ನಿಯಾದ ದಂಡ ಸಂಹಿತೆ. ವಿಸಿ ಅಂದರೆ ವಾಹನ ಕಾನೂನು, ಎಚ್‌ಎಸ್ ಅಂದರೆ ಡ್ರಗ್ಸ್ ಇತ್ಯಾದಿ ಬರುವ ಆರೋಗ್ಯ ಮತ್ತು ಸುರಕ್ಷತೆ ಕಾನೂನು. 'ಎಫ್' ಅಂದರೆ ಫೆಲೊನಿ, ದೊಡ್ಡ ಅಪರಾಧ. 'ಎಂ' ಅಂದರೆ ಮಿಸ್‌ಡಿಮೀನರ್, ಚಿಕ್ಕದು. ನಮ್ಮವರ ವಿಷಯದಲ್ಲಿ ಸಾಮಾನ್ಯವಾಗಿ ಕಿವಿಗೆ ಬೀಳುವ ಸೆಕ್ಷನ್‌ಗಳು ಕೆಲವೇ. ವಿಸಿ 23152 ಕುಡಿದು ಗಾಡಿ ಓಡಿಸಿದ್ದು. ಪಿಸಿ 273.5 ಗಂಡ ಹೆಂಡತಿ ಜಗಳದಲ್ಲಿ ಗಾಯ ಆಗಿದ್ದು. 243(ಇ)(1) ಅದೇ ಜಗಳ, ಆದರೆ ಗಾಯ ಆಗಬೇಕೆಂದೇನೂ ಇಲ್ಲ, ಕೈ ಮಾಡಿದ್ದಕ್ಕೆ ಹಾಕುವುದು. 459.5 ಅಂಗಡಿ ಕಳವು.

ಈ 273.5 ಪಕ್ಕದಲ್ಲಿ ಎಫ್ ನೋಡಿ ಎದೆ ಒಡೆದುಕೊಳ್ಳುವವರಿದ್ದಾರೆ. ಅದನ್ನು ದೊಡ್ಡದಾಗಿಯೂ ಹಾಕಬಹುದು, ಚಿಕ್ಕದಾಗಿಯೂ ಹಾಕಬಹುದು. ಬುಕಿಂಗ್ ಮಾಡುವಾಗ ಪೊಲೀಸರು ತಮಗೆ ತೋಚಿದ ಸೆಕ್ಷನ್ ಬರೆದಿರುತ್ತಾರೆ. ಕೋರ್ಟಿಗೆ ಏನು ಹಾಕಬೇಕು, ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವವರು ಜಿಲ್ಲಾ ಅಟಾರ್ನಿ, ಅಂದರೆ ಕೌಂಟಿಯ ಸರ್ಕಾರಿ ವಕೀಲರು. ಅವರು ಫೆಲೊನಿಯನ್ನು ಮಿಸ್‌ಡಿಮೀನರ್‌ಗೆ ಇಳಿಸಬಹುದು, ಸೆಕ್ಷನ್ ಬದಲಿಸಬಹುದು, ಕೇಸೇ ಬೇಡ ಅನ್ನಬಹುದು. ಆದ್ದರಿಂದ ಜೈಲಿನ ಪುಟ ಹೇಳುವುದು ಪೊಲೀಸರ ಅನುಮಾನವನ್ನು ಮಾತ್ರ.

ದಿನಾಂಕಗಳನ್ನೂ ಸರಿಯಾಗಿ ಓದಿ. ಒಳಗಿಟ್ಟವರನ್ನು 48 ಗಂಟೆಯೊಳಗೆ ಜಡ್ಜ್ ಮುಂದೆ ಹಾಜರುಪಡಿಸಬೇಕು ಅನ್ನುವುದು ನಿಯಮ. ಆದರೆ ಭಾನುವಾರ ಮತ್ತು ರಜಾದಿನ ಲೆಕ್ಕಕ್ಕಿಲ್ಲ. ಶುಕ್ರವಾರ ರಾತ್ರಿ ಹಿಡಿದರೆ ಸೋಮವಾರವೋ ಮಂಗಳವಾರವೋ ಆಗುತ್ತದೆ. ಮೂರು ದಿನ ಒಳಗಿದ್ದಾನೆ ಅಂದರೆ ಏನೋ ಘೋರ ಕೆಲಸ ಮಾಡಿದ್ದಾನೆ ಅಂತಲ್ಲ, ವಾರಾಂತ್ಯ ಅಡ್ಡ ಬಂದಿದೆ ಅಷ್ಟೇ. ಮನೆಜಗಳದ ಕೇಸುಗಳಲ್ಲಿ ಬಿಟ್ಟ ಮೇಲೂ ಗಂಡ ಮನೆಗೆ ಹೋಗುವ ಹಾಗಿಲ್ಲ ಅನ್ನುವ ತುರ್ತು ರಕ್ಷಣಾ ಆದೇಶ ಇರಬಹುದು. ಅದು ಒಂದು ವಾರದ ಒಳಗೇ ಮುಗಿಯುತ್ತದೆ, ಆಮೇಲೆ ಕೋರ್ಟ್ ಮುಂದುವರಿಸಲೂಬಹುದು. ಊರಿನಿಂದ ಫೋನ್ ಮಾಡಿದವರಿಗೆ 'ಮಗ ಬಿಡುಗಡೆ ಆದ, ಆದರೆ ಸೊಸೆ ಜೊತೆ ಇಲ್ಲ' ಅಂತ ಗೊತ್ತಾಗಿ ಗಾಬರಿ ಆಗುವುದು ಇದಕ್ಕೇ.

'ಹೋಲ್ಡ್' ಅನ್ನುವ ಪದ ಕಂಡರೆ ಬೇರೆ ಕೌಂಟಿಯಲ್ಲೋ ಬೇರೆ ಇಲಾಖೆಯಲ್ಲೋ ಏನೋ ಬಾಕಿ ಇದೆ ಅಂತ ಅರ್ಥ. ಆಗ ಬೇಲ್ ಕಟ್ಟುವ ಮೊದಲು ವಕೀಲರನ್ನು ಕೇಳಿ. ನಿಮ್ಮ ಪರವಾಗಿ ಬೇಲ್‌ಗೆ ಜಾಮೀನು ನಿಲ್ಲುವ ಬೇಲ್ ಬಾಂಡ್ ಕಂಪನಿಗಳು ಸಾಮಾನ್ಯವಾಗಿ ಮೊತ್ತದ ಶೇ. 10 ತೆಗೆದುಕೊಳ್ಳುತ್ತವೆ, ಆ ದುಡ್ಡು ವಾಪಸ್ ಬರುವುದಿಲ್ಲ. ದುಡ್ಡು ಕೊಟ್ಟ ಮೇಲೆ ಹೋಲ್ಡ್ ಇದೆ ಅಂತ ಬಿಡದೇ ಹೋದರೆ ಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಲ್ಲಿಗೇ ನಿಲ್ಲಬೇಡಿ, ಕೋರ್ಟಿನ ದಾಖಲೆ ನೋಡಿ

ಕಥೆ ಹೇಗೆ ಮುಗಿಯಿತು ಅನ್ನುವುದು ಸುಪೀರಿಯರ್ ಕೋರ್ಟಿನಲ್ಲಿ, ಅಂದರೆ ಕೌಂಟಿಯ ವಿಚಾರಣಾ ಕೋರ್ಟಿನಲ್ಲಿ, ಗೊತ್ತಾಗುತ್ತದೆ. ಸ್ಯಾನ್ ಹೋಸೆಯಲ್ಲಿ ಜೈಲು, ಅಟಾರ್ನಿ ಕಚೇರಿ, ಕ್ರಿಮಿನಲ್ ಕೇಸುಗಳ ಹಾಲ್ ಆಫ್ ಜಸ್ಟೀಸ್ ಮೂರೂ ಅದೇ ವೆಸ್ಟ್ ಹೆಡ್ಡಿಂಗ್ ಸ್ಟ್ರೀಟಿನಲ್ಲೇ ಇವೆ, ನಡೆದುಕೊಂಡೇ ಹೋಗಬಹುದು. ಎಲ್ಲಿ ನಡೆದ ಘಟನೆ ಅನ್ನುವುದರ ಮೇಲೆ ಕೇಸ್ ಪಾಲೊ ಆಲ್ಟೊ ಅಥವಾ ಮಾರ್ಗನ್ ಹಿಲ್ ಕೋರ್ಟಿಗೂ ಹೋಗಬಹುದು.

ಆನ್‌ಲೈನ್‌ನಲ್ಲಿ ಎಲ್ಲಾ ಸಿಗುತ್ತದೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಕೋರ್ಟ್ ನಿಯಮದ ಪ್ರಕಾರ ಕೇಸಿನ ಮೇಲ್ಮೇಲಿನ ವಿವರ, ಅಂದರೆ ನಂಬರ್, ದಿನಾಂಕ, ಏನೇನು ನಡೆಯಿತು ಅನ್ನುವ ಪಟ್ಟಿ ವೆಬ್‌ಸೈಟಿನಲ್ಲಿ ಇರಬಹುದು. ಕ್ರಿಮಿನಲ್ ಕೇಸಿನ ಕಾಗದಪತ್ರಗಳನ್ನು ಮಾತ್ರ ಸಾಮಾನ್ಯವಾಗಿ ಕೋರ್ಟಿಗೇ ಹೋಗಿ ನೋಡಬೇಕು. ಪ್ರತಿಗೆ ಪುಟಕ್ಕೆ 50 ಸೆಂಟ್, ಕೋರ್ಟಿನ ಮೊಹರು ಬೇಕಿದ್ದರೆ ಬೇರೆ ಶುಲ್ಕ. ನೀವು ಮೈಸೂರಿನಲ್ಲಿದ್ದರೆ ಅಲ್ಲಿರುವ ಪರಿಚಯದವರನ್ನೇ ಕಳಿಸಬೇಕಾಗಬಹುದು.

ಇನ್ನೊಂದು ತಮಾಷೆ ಇದೆ. ಪೊಲೀಸರು ಬಂಧನದ ವಿವರ ಕೊಡುವಾಗ ಹುಟ್ಟಿದ ದಿನ ಕೊಡುತ್ತಾರೆ. ಕೋರ್ಟಿನ ಆನ್‌ಲೈನ್ ಪಟ್ಟಿಯಲ್ಲಿ ಮಾತ್ರ ಹುಟ್ಟಿದ ದಿನ ಹಾಕಿ ಹುಡುಕುವ ಹಾಗಿಲ್ಲ. 2021ರಲ್ಲಿ ರಿವರ್‌ಸೈಡ್ ಕೌಂಟಿ ಕೋರ್ಟಿನ ವೆಬ್‌ಸೈಟ್ ಬಗ್ಗೆ ನಡೆದ ಕೇಸಿನಲ್ಲಿ ರಾಜ್ಯದ ಮೇಲ್ಮನವಿ ಕೋರ್ಟ್, ಹುಟ್ಟಿದ ದಿನ ಅಥವಾ ಲೈಸೆನ್ಸ್ ನಂಬರ್ ಬಳಸಿ ಜನರನ್ನು ಸೋಸಲು ಬಿಡುವುದು ನಿಯಮಕ್ಕೆ ವಿರುದ್ಧ ಅಂತ ಹೇಳಿತು. ಹೆಸರು ಒಂದೇ ಆದವರ ಕಷ್ಟ ಆಮೇಲೆ ಜಾಸ್ತಿಯೇ ಆಗಿದೆ. ಕೇಸ್ ನಂಬರ್ ಸಿಕ್ಕಿದರೆ ಅದನ್ನೇ ಹಿಡಿದುಕೊಳ್ಳಿ, ಅದಕ್ಕಿಂತ ಗಟ್ಟಿಯಾದ ಗುರುತು ಇಲ್ಲ.

ಕೋರ್ಟಿನ ದಾಖಲೆಯಲ್ಲಿ ಮೊದಲು ನೋಡಬೇಕಾದ್ದು 'ಡಿಸ್ಪೊಸಿಷನ್' ಅನ್ನುವ ಜಾಗ. ಡಿಸ್ಮಿಸ್ಡ್ ಅಂದರೆ ಕೇಸ್ ವಜಾ. ಡೈವರ್ಶನ್ ಅಂದರೆ ತರಗತಿ, ಕೌನ್ಸೆಲಿಂಗ್ ಏನೋ ಮುಗಿಸಿದರೆ ಕೇಸ್ ಬಿಡುತ್ತೇವೆ ಅನ್ನುವ ಏರ್ಪಾಡು. 'ನೋ ಕಾಂಟೆಸ್ಟ್' ಅಂತ ಇದ್ದರೆ ಹುಷಾರು. ತಪ್ಪು ಒಪ್ಪಿಕೊಂಡೆ ಅಂತ ಬಾಯಿಬಿಟ್ಟು ಹೇಳಿಲ್ಲ, ಆದರೆ ಕ್ರಿಮಿನಲ್ ಕೋರ್ಟಿನ ಮಟ್ಟಿಗೆ ಅದು ಶಿಕ್ಷೆಗೆ ಒಪ್ಪಿದ ಹಾಗೆಯೇ. ಏನೂ ಸಿಗದಿದ್ದರೆ ಕೇಸ್ ಹಾಕಲಿಲ್ಲ ಅಂತಿರಬಹುದು, ಇನ್ನೂ ಹಾಕಿಲ್ಲ ಅಂತಲೂ ಇರಬಹುದು. ಹೆಚ್ಚಿನ ಮಿಸ್‌ಡಿಮೀನರ್‌ಗಳಿಗೆ 1 ವರ್ಷ, ಬಹಳಷ್ಟು ಫೆಲೊನಿಗಳಿಗೆ 3 ವರ್ಷದ ತನಕ ಕೇಸ್ ಹಾಕಲು ಅವಕಾಶ ಇದೆ. ಚೀಟಿಯಲ್ಲಿ ಬರೆದ ದಿನ ಹೋದಾಗ ಕೋರ್ಟಿನ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಖುಷಿಪಟ್ಟು, ಮನೆ ಬದಲಿಸಿ, ಆಮೇಲೆ ಬಂದ ನೋಟಿಸ್ ಕೈಗೆ ಸಿಗದೆ, ವಾರಂಟ್ ಆಗುವ ಸಾಧ್ಯತೆ ಇರುತ್ತದೆ.

ಪೊಲೀಸರಿಂದ ವಿವರ ಕೇಳುವುದು

ನಮ್ಮಲ್ಲಿ ಎಫ್‌ಐಆರ್ ಪ್ರತಿ ತೆಗೆಯುವುದು ಗೊತ್ತಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು 24 ಗಂಟೆಯಲ್ಲಿ ವೆಬ್‌ಸೈಟಿಗೆ ಹಾಕಿ ಅಂತ ಹೇಳಿದ ಮೇಲೆ ಅದು ಇನ್ನೂ ಸುಲಭವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ತನಿಖೆಯ ಪೂರ್ತಿ ವರದಿ ಸಾರ್ವಜನಿಕ ಅಲ್ಲ. ಸಾರ್ವಜನಿಕ ದಾಖಲೆಗಳ ಕಾಯ್ದೆಯ 7923.610ನೇ ಸೆಕ್ಷನ್ ಹೇಳುವಷ್ಟನ್ನು ಕೊಡಬೇಕು: ಪೂರ್ಣ ಹೆಸರು, ಹುಟ್ಟಿದ ದಿನ, ಎತ್ತರ, ತೂಕ, ಕಣ್ಣು ಮತ್ತು ಕೂದಲಿನ ಬಣ್ಣ, ಬಂಧನದ ಸಮಯ ಮತ್ತು ಜಾಗ, ಏನಾಯಿತು ಅನ್ನುವ ಸಂಗತಿ, ಬೇಲ್ ಎಷ್ಟು, ಯಾವಾಗ ಹೇಗೆ ಬಿಟ್ಟರು, ಆರೋಪಗಳೇನು. ಉದ್ಯೋಗ ಏನು ಅನ್ನುವುದೂ ಆ ಪಟ್ಟಿಯಲ್ಲಿದೆ.

ಹಿಡಿದ ಇಲಾಖೆಗೇ ಇಮೇಲಿನಲ್ಲೋ ಅವರ ಪೋರ್ಟಲ್‌ನಲ್ಲೋ ಕೇಳಿ. ಹೆಸರು, ದಿನಾಂಕ, ಜಾಗ ಬರೆದು, ಈ ಸೆಕ್ಷನ್ ನಂಬರ್ ಹಾಕಿ. ಕಾರಣ ಹೇಳಬೇಕಾಗಿಲ್ಲ. ಕೊಡಬೇಕೋ ಬೇಡವೋ ಅನ್ನುವುದನ್ನು 10 ದಿನದಲ್ಲಿ ತಿಳಿಸಬೇಕು, ಬೇಕಿದ್ದರೆ ಇನ್ನು 14 ದಿನ ಮುಂದೂಡಬಹುದು. ಇತ್ತೀಚಿನ ಬಂಧನಕ್ಕೆ ಇದು ಕೆಲಸ ಮಾಡುತ್ತದೆ. ಹಳೆಯದನ್ನು ಕೇಳಿದರೆ ಇಲ್ಲ ಅನ್ನುವ ಇಲಾಖೆಗಳಿವೆ. ಅದರ ಬಗ್ಗೆ 1993ರಲ್ಲಿ ಒಂದು, 2015ರಲ್ಲಿ ಒಂದು, ಹೀಗೆ ಕೋರ್ಟುಗಳೇ ಬೇರೆ ಬೇರೆ ಮಾತು ಹೇಳಿವೆ. ಹದಿನೆಂಟು ತುಂಬದ ಮಕ್ಕಳ ದಾಖಲೆ ಗೋಪ್ಯ, ಆ ಗೋಜಿಗೆ ಹೋಗಬೇಡಿ.

ದುಡ್ಡು ತೆಗೆದುಕೊಂಡು 'ಪೂರ್ತಿ ಹಿನ್ನೆಲೆ' ಕೊಡುತ್ತೇವೆ ಅನ್ನುವ ಖಾಸಗಿ ಸೈಟುಗಳು ಎಷ್ಟೋ ಇವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಬಂಧನ ತೋರಿಸುತ್ತವೆ, ವಜಾ ಆಗಿದ್ದನ್ನು ತೋರಿಸದೆ ಹಾಗೇ ಬಿಟ್ಟಿರುತ್ತವೆ. ಜೈಲಿನ ಫೋಟೋ ಹಾಕಿ, ತೆಗೆಯಲು ದುಡ್ಡು ಕೇಳುವುದು ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ಕಾನೂನುಬಾಹಿರ. ಸಿಕ್ಕಿದ ಸ್ಕ್ರೀನ್‌ಶಾಟನ್ನು ಸುಮ್ನೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರಿಗೂ ಒಂದು ಮಾತು: ಕೇಸ್ ಬಿದ್ದು ಹೋದ ಮೇಲೆ ಆ ಚಿತ್ರವನ್ನು ಯಾರೂ ವಾಪಸ್ ತೆಗೆಸುವುದಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವವರಂತೂ, ಶಿಕ್ಷೆಯಾಗದ ಬಂಧನದ ಬಗ್ಗೆ ಅಲ್ಲಿ ಕೇಳುವ ಹಾಗೇ ಇಲ್ಲ.

ದಾಖಲೆ ನಿಮ್ಮದೇ ಆಗಿದ್ದರೆ

ಬುಕಿಂಗ್‌ನಲ್ಲಿ ಕೊಟ್ಟ ಬೆರಳಚ್ಚು ರಾಜ್ಯದ ನ್ಯಾಯ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. ನಿಮ್ಮ ಪೂರ್ತಿ ಚರಿತ್ರೆಯ ಪಟ್ಟಿ ಬೇರೆಯವರಿಗೆ ಸಿಗುವುದಿಲ್ಲ, ನಿಮಗೆ ಸಿಗುತ್ತದೆ. ರಾಜ್ಯದ್ದಕ್ಕೆ 25 ಡಾಲರ್, ಎಫ್‌ಬಿಐದಕ್ಕೆ 18 ಡಾಲರ್, ಬೆರಳಚ್ಚು ತೆಗೆಯುವವರ ಚಾರ್ಜ್ ಬೇರೆ. ಬೆಂಗಳೂರಿಗೆ ವಾಪಸ್ ಬಂದಿದ್ದರೂ ಶಾಯಿಯಲ್ಲಿ ಒತ್ತಿದ ಕಾರ್ಡ್ ಕಳಿಸಿ ಎಫ್‌ಬಿಐ ಪಟ್ಟಿ ತರಿಸಿಕೊಳ್ಳಬಹುದು. ಬಂದ ಮೇಲೆ ಕೋರ್ಟಿನ ದಾಖಲೆ ಜೊತೆ ಇಟ್ಟು ನೋಡಿ. ಬಂಧನ ಇದ್ದು, ಮುಂದೇನಾಯಿತು ಅನ್ನುವ ಜಾಗ ಖಾಲಿ ಇದ್ದರೆ ತಿದ್ದಿಸಲು ಅರ್ಜಿ ಹಾಕಿ.

ಶಿಕ್ಷೆ ಆಗದೆ ಮುಗಿದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಪಿಸಿ 851.91 ಅಡಿಯಲ್ಲಿ ಆ ದಾಖಲೆಯನ್ನು ಮುಚ್ಚಿಸಬಹುದು. ಆದರೆ ವೀಸಾ, ಗ್ರೀನ್ ಕಾರ್ಡ್, ಪೌರತ್ವ ಬೇಕಾದವರು ಆತುರ ಪಡಬೇಡಿ. ಮುಚ್ಚಿದ್ದು ರಾಜ್ಯದ ಲೆಕ್ಕದಲ್ಲಿ ಮಾತ್ರ. ವೀಸಾ ಅರ್ಜಿಯ ಡಿಎಸ್-160 ಫಾರಂ ನೀವು ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ ಅಂತಲೇ ಕೇಳುತ್ತದೆ, ಶಿಕ್ಷೆ ಆಯಿತಾ ಅಂತ ಮಾತ್ರ ಅಲ್ಲ. ಇಲ್ಲ ಅಂತ ಬರೆದರೆ ಬಂಧನಕ್ಕಿಂತ ಆ ಸುಳ್ಳೇ ದೊಡ್ಡ ಸಮಸ್ಯೆ ಆಗುತ್ತದೆ, ಬೆರಳಚ್ಚು ಅವರ ಬಳಿ ಇದ್ದೇ ಇದೆ. ಕುಡಿದು ಗಾಡಿ ಓಡಿಸಿದ ಬಂಧನವಾದರೆ ತೀರ್ಪಿಗೂ ಕಾಯದೆ ವೀಸಾ ಸ್ಟಾಂಪ್ ರದ್ದು ಮಾಡುವ ಪದ್ಧತಿ 2015ರಿಂದ ಇದೆ. ಅಮೆರಿಕದೊಳಗೆ ಇರುವವರ ವಾಸ್ತವ್ಯ ಅದೊಂದರಿಂದಲೇ ಮುಗಿಯುವುದಿಲ್ಲ, ಆದರೆ ಊರಿಗೆ ಬಂದರೆ ಹೊಸ ಸ್ಟಾಂಪ್ ಬೇಕು. ಟಿಕೆಟ್ ತೆಗೆಯುವ ಮೊದಲು ಇಮಿಗ್ರೇಶನ್ ವಕೀಲರ ಜೊತೆ ಮಾತಾಡಿ.

ದಾಖಲೆ ಮುಚ್ಚಿಸುವ ಮೊದಲು ಕೋರ್ಟಿನ ಮೊಹರು ಇರುವ ಡಿಸ್ಪೊಸಿಷನ್ ಪ್ರತಿ ಎರಡು ಮೂರು ತೆಗೆದಿಡಿ. ಮುಚ್ಚಿದ ಮೇಲೆ ಅದನ್ನೇ ತೆಗೆಸಲು ಹೆಣಗಬೇಕಾಗಬಹುದು, ಆದರೆ ಕೇಸ್ ಹೇಗೆ ಮುಗಿಯಿತು ಅಂತ ತೋರಿಸಿ ಅಂದಾಗ ಕಾನ್ಸುಲೇಟ್ ಕಿಟಕಿಯಲ್ಲಿ ಕೇಳುವುದು ಆ ಕಾಗದವನ್ನೇ.